ಲೇಕ್ ಮಾರ್ಕೆಟ್ಟಿನ ಕೌದಿ

ಊರಿನಿಂದ ಬರುವ ಬಂಧುಗಳು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಅಷ್ಟು ದೂರದ ಕಲ್ಕತ್ತೆಯಲ್ಲಿ ನಿಮಗೆ ಹೊತ್ತು ಹೇಗಪ್ಪಾ ಹೋಗುತ್ತದೆ?" ಸರ್ಕಾರಿ ಕಚೇರಿಯ ಗುಮಾಸ್ತನಿಗೆ ಹೊತ್ತು ಹೋಗುವುದು ಒಂದು ಸಮಸ್ಯೆಯೇ ಅಲ್ಲ. ಕಡತಗಳು ಆ ಕೆಲಸವನ್ನು ನೋಡಿಕೊಳ್ಳುತ್ತವೆ. ಬೆಳಿಗ್ಗೆ ಹತ್ತಕ್ಕೆ ಒಂದು ಕಡತವನ್ನು ಬಿಚ್ಚಿದರೆ ಸಂಜೆ ಆರಕ್ಕೆ ಇನ್ನೊಂದನ್ನು ಕಟ್ಟುವುದು, ನಡುವೆ ನಾಲ್ಕು ಸಲ ಚಹ. ಹೊತ್ತು ಹೋದ ಮೇಲೆ ಕೈಯಲ್ಲಿ ಏನಾದರೂ ಉಳಿಯುತ್ತದೆಯೇ ಎಂಬುದೇ ಕಠಿಣವಾದ ಪ್ರಶ್ನೆ. ಅದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಉತ್ತರ ಹೇಳುವುದು ಬಿ.ಎ. ಪಾಸಾದವರ ಹಳೆಯ ಚಾಳಿಯಾದ್ದರಿಂದ ವಾಚಕರು ಕೊಂಚ ಸಹಿಸಿಕೊಳ್ಳಬೇಕು.

ಕಲ್ಕತ್ತೆಯೆಂದೆ. ಕಾನೂನಿನ ಪ್ರಕಾರ 2001ರಿಂದ ಇದು ಕೋಲ್ಕತಾ. ನಾಲಗೆಗೆ ಮಾತ್ರ ಹಳೆಯದೇ ರೂಢಿ. ನಮ್ಮ ಮನೆಯಿರುವುದು ಊರಿನ ದಕ್ಷಿಣದಲ್ಲಿ, ಲೇಕ್ ಮಾರ್ಕೆಟ್ಟಿನ ಹಿಂದಿನ ಒಂದು ಗಲ್ಲಿಯಲ್ಲಿ. ಈ ಹೆಸರಿನ 'ಲೇಕ್' ದೇವರು ಕೊಟ್ಟ ಕೆರೆಯಲ್ಲ. 1920ರ ದಶಕದಲ್ಲಿ ಕಲ್ಕತ್ತೆಯ ಇಂಪ್ರೂವ್‌ಮೆಂಟ್ ಟ್ರಸ್ಟಿನವರು ಇಲ್ಲಿಯ ಜೌಗು ನೆಲವನ್ನು ವಸತಿಗೆ ಯೋಗ್ಯ ಮಾಡಹೊರಟರು. ತಗ್ಗು ನೆಲವನ್ನು ಎತ್ತರಿಸಲು ಮಣ್ಣು ಬೇಕಾಯಿತು. ಮಣ್ಣು ತೆಗೆದ ಗುಂಡಿಯೇ ಢಾಕುರಿಯಾ ಕೆರೆಯಾಯಿತು. 1958ರಲ್ಲಿ ಅದಕ್ಕೆ ರವೀಂದ್ರ ಸರೋವರವೆಂದು ನಾಮಕರಣ ಮಾಡಿದರು. ಬೆಳಗಿನ ಹೊತ್ತು ಅದರ ದಂಡೆಯಲ್ಲಿ ತಿರುಗಾಡುವ ಸಾವಿರಾರು ಜನರಲ್ಲಿ, ತಾವು ನಡೆಯುತ್ತಿರುವುದು ಮಣ್ಣು ಅಗೆದ ಗುಂಡಿಯ ಅಂಚಿನಲ್ಲಿ ಎಂದು ನೆನೆಯುವವರು ಎಷ್ಟು ಮಂದಿಯೋ ಕಾಣೆ!

1911ರಲ್ಲಿ ರಾಜಧಾನಿಯನ್ನು ದಿಲ್ಲಿಗೆ ಒಯ್ಯುವುದೆಂದು ಘೋಷಣೆಯಾದರೂ ವ್ಯಾಪಾರದ ಕಂಪನಿಗಳು ಇಲ್ಲಿಯೇ ಉಳಿದವು. ಅವುಗಳಿಗೆ ಲೆಕ್ಕ ಬರೆಯುವವರು, ಬೆರಳಚ್ಚಿನವರು, ಶೀಘ್ರಲಿಪಿಕಾರರು ಬೇಕಾಗಿದ್ದರು. ದಕ್ಷಿಣದಿಂದ ಹೊರಟ ತರುಣರು ಹೊಸದಾಗಿ ಎದ್ದ ಈ ಬಡಾವಣೆಯಲ್ಲಿ ಬಿಡಾರ ಹೂಡಿದರು. ಹೀಗಾಗಿ ರಾಸಬಿಹಾರಿ ಅವೆನ್ಯೂವಿನ ಈ ತುಂಡಿನಲ್ಲಿ ಇಂದಿಗೂ ಬಾಳೆಲೆ, ಕರಿಬೇವು, ಮಲ್ಲಿಗೆಯ ಮಾಲೆ, ಹುರಿದು ಪುಡಿಮಾಡಿದ ಕಾಫಿ ದೊರೆಯುತ್ತವೆ. ಇವರಲ್ಲಿ ಹೆಚ್ಚಿನವರು ತಮಿಳರು. ನಾವು ಕನ್ನಡಿಗರು ಸಾರಿನಲ್ಲಿ ಇಂಗಿನಷ್ಟು. ಪರಿಮಾಣ ಅಲ್ಪ, ಇದ್ದೇವೆಂಬುದು ಗೊತ್ತಾಗದೆ ಇರದು. ಹಳೆಯ ಮಾರುಕಟ್ಟೆಯ ಕಟ್ಟಡ ಹೋಗಿ ಅಲ್ಲಿ ಲೇಕ್ ಮಾಲ್ ಎದ್ದು ನಿಂತಿದೆ. ಬೀದಿಯಂಚಿನ ಬುಟ್ಟಿ ವ್ಯಾಪಾರ ಅದರ ನೆರಳಿನಲ್ಲಿ ನಡೆದೇ ಇದೆ.

ನಾನು ಹೇಳಬೇಕೆಂದಿರುವುದು ನನ್ನ ತಾಯಿಯ ವಿಷಯ.

ತಂದೆಯವರು ತೀರಿಕೊಂಡ ಮೇಲೆ ಯಲ್ಲಾಪುರದ ಕಡೆಯ ಮನೆಗೆ ಬೀಗ ಹಾಕಿ, ತೋಟವನ್ನು ದಾಯಾದಿಯವರಿಗೆ ನೋಡಿಕೊಳ್ಳಲು ಬಿಟ್ಟು, ಅಮ್ಮನನ್ನು ಇಲ್ಲಿಗೆ ಕರೆತಂದೆವು. ಅರುವತ್ತೆಂಟು ವರ್ಷ ಅಂಗಳ, ಕೊಟ್ಟಿಗೆ, ಹಳ್ಳ, ಅಡಿಕೆ ಮರಗಳ ನಡುವೆ ಓಡಾಡಿದ ಜೀವಕ್ಕೆ ಎರಡು ಕೋಣೆಯ ಮನೆ. ಕಿಟಕಿಯಿಂದ ಕಾಣುವುದು ಎದುರುಮನೆಯ ಕಿಟಕಿ. ಮೊದಲ ನಾಲ್ಕು ತಿಂಗಳು ಅವರು ಆ ಕಿಟಕಿಯ ಬಳಿ ಕುಳಿತರು. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ "ದೇಹದಲ್ಲಿ ದೋಷವಿಲ್ಲ" ಎಂದರು. ನಾನು ಕಚೇರಿಯಿಂದ ಬಂದು ಚಪ್ಪಲಿ ಬಿಡುವಾಗ ಒಂದೇ ಮಾತು: "ಮಗಾ, ಹುಬ್ಬಳ್ಳಿಯ ರೈಲಿಗೆ ಒಂದು ಟಿಕೇಟು ತೆಗೆದುಕೊಡು. ನಾನು ನನ್ನ ಮನೆಯಲ್ಲಿ ಇರ್ತೇನೆ." ಆ ಮನೆಗೆ ಹತ್ತಿರದ ಮನೆಯೆಂದರೆ ಗುಡ್ಡದಾಚೆ. ಮಳೆಗಾಲದಲ್ಲಿ ಕರೆಂಟು ಹೋದರೆ ನಾಲ್ಕು ದಿನ ಬರುವುದಿಲ್ಲ. ಕಳಿಸುವುದು ಹೇಗೆ? ಇಟ್ಟುಕೊಂಡರೆ ಹೀಗೆ ಬತ್ತಿಹೋಗುವುದನ್ನು ನೋಡುವುದು ಹೇಗೆ? ನಾನೂ ನನ್ನ ಹೆಂಡತಿಯೂ ರಾತ್ರಿ ಪಿಸುದನಿಯಲ್ಲಿ ಚರ್ಚೆ ಮಾಡಿ ಮಾಡಿ ಬೆಳಗು ಮಾಡಿದ್ದುಂಟು.

ಇದಕ್ಕೆ ಪರಿಹಾರವನ್ನು ಹುಡುಕಿದ್ದು ನಾವಲ್ಲ, ಒಂದು ಬಾಳೆಹೂವು.

ಒಂದು ಭಾನುವಾರ ನನ್ನ ಹೆಂಡತಿ ಒತ್ತಾಯ ಮಾಡಿ ಅತ್ತೆಯನ್ನು ಮಾರುಕಟ್ಟೆಗೆ ಕರೆದುಕೊಂಡು ಹೋದಳು. ಬಂಗಾಳಿಗಳ ತರಕಾರಿಯ ಬುಟ್ಟಿಯನ್ನು ನೋಡಿದವರಿಗೆ ಗೊತ್ತು, ಅದು ನಮ್ಮ ಮಲೆನಾಡಿನ ಹಿತ್ತಿಲಿನ ಸೋದರಸಂಬಂಧಿ. ನಾವು ಬಾಳೆದಿಂಡು ಎನ್ನುವುದು ಇಲ್ಲಿ 'ಥೋಡ್', ಬಾಳೆಹೂವು 'ಮೋಚಾ', ಕೆಸು 'ಕೊಚು', ಎಳೆ ಹಲಸು 'ಏಂಚೋಡ್'. ಎಳೆ ಹಲಸಿಗೆ ತಮಾಷೆಗೆ 'ಮರದ ಮೇಕೆ' ಎಂಬರ್ಥದ ಹೆಸರೂ ಇದೆ, ಮಾಂಸದಂತೆ ಮಸಾಲೆ ಹಿಡಿಯುತ್ತದೆಂದು. ಅಮ್ಮ ಬಾಳೆಹೂವಿನ ರಾಶಿಯ ಮುಂದೆ ನಿಂತರು. ಒಂದನ್ನು ಎತ್ತಿ, ತೂಕ ನೋಡಿ, ಒಂದು ಹಾಳೆ ಸುಲಿದು ಒಳಗಿನ ಬಣ್ಣ ನೋಡಿ, ಕೆಳಗಿಟ್ಟು, ಇನ್ನೊಂದನ್ನು ಎತ್ತಿದರು. ಮಾರುವವಳು ಬಂಗಾಳಿಯಲ್ಲಿ ಬೆಲೆ ಹೇಳಿದಳು, ಅಮ್ಮ ಕನ್ನಡದಲ್ಲಿ ಚೌಕಾಶಿ ಮಾಡಿದರು. ಇಬ್ಬರಿಗೂ ಅರ್ಥವಾಯಿತಂತೆ. ವ್ಯಾಪಾರದಲ್ಲಿ ಐದು ರೂಪಾಯಿ ಗೆದ್ದು ಬಂದ ದಿನ ಅಮ್ಮ ಎರಡು ಸಲ ಅನ್ನ ಹಾಕಿಸಿಕೊಂಡರು.

ಬಾಳೆಹೂವನ್ನು ಬಿಡಿಸುವುದು ಪುರುಸೊತ್ತಿನ ಕೆಲಸ. ಪ್ರತಿ ಮೊಗ್ಗಿನಿಂದಲೂ ಒಳಗಿನ ಗಟ್ಟಿ ಕಡ್ಡಿಯನ್ನೂ ಬುಡದ ತೆಳು ಪೊರೆಯನ್ನೂ ಕಿತ್ತೆಸೆಯಬೇಕು. ಕೈಗೆ ಎಣ್ಣೆ ಸವರಿಕೊಳ್ಳದಿದ್ದರೆ ಬೆರಳು ಕಪ್ಪಾಗುತ್ತದೆ. ಅಮ್ಮ ಮೆಟ್ಟಿಲ ಬಳಿ ಕುಳಿತು ಬಿಡಿಸುತ್ತಿದ್ದಾಗ ಕೆಳಮನೆಯ ಬಂಗಾಳಿ ಮುದುಕಿ, ನಮ್ಮ ಮನೆಯವರೆಲ್ಲ 'ಮಾಶೀಮಾ' ಎಂದು ಕರೆಯುವವರು, ನೋಡಿದರು. ಏನೂ ಹೇಳದೆ ಪಕ್ಕದಲ್ಲಿ ಕುಳಿತು ಅರ್ಧ ಹೂವನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಇಬ್ಬರ ಬೆರಳೂ ಒಂದೇ ಪಾಠ ಕಲಿತದ್ದು. ವ್ಯತ್ಯಾಸ ಬಂದದ್ದು ಒಂದೇ ಕಡೆ: ಹೆಚ್ಚಿದ್ದನ್ನು ಅಮ್ಮ ಮಜ್ಜಿಗೆಗೆ ಹಾಕುತ್ತಾರೆ, ಮಾಶೀಮಾ ಅರಿಸಿನದ ನೀರಿಗೆ. ಈ ವಾದ ಇಂದಿಗೂ ಇತ್ಯರ್ಥವಾಗಿಲ್ಲ.

ಮಾಶೀಮಾ ನಮಗೆ ಹೇಳಿಕೊಟ್ಟ ಅಡಿಗೆಗಳೆಲ್ಲ 'ನಿರಾಮಿಷ'ದವು, ಎಂದರೆ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದವು. ಮೀನಿನ ನಾಡಿನಲ್ಲಿ ಇಷ್ಟೊಂದು ಬಗೆಯ ಸಸ್ಯಾಹಾರ ಹೇಗೆ ಹುಟ್ಟಿತೆಂದು ನನ್ನ ಹೆಂಡತಿ ಕೇಳಿದಾಗ ಅವರು ಹೇಳಿದ ಉತ್ತರ ಮರೆಯುವಂಥದ್ದಲ್ಲ. ಬಂಗಾಳದ ಮೇಲ್ಜಾತಿಯ ಮನೆಗಳಲ್ಲಿ ವಿಧವೆಯಾದವಳು ಮೀನನ್ನೂ ಈರುಳ್ಳಿ ಬೆಳ್ಳುಳ್ಳಿಯನ್ನೂ ಕೊನೆಗೆ ಮಸೂರು ಬೇಳೆಯನ್ನೂ ಮುಟ್ಟುವಂತಿರಲಿಲ್ಲ. ವಿದ್ಯಾಸಾಗರರ ಹೋರಾಟದಿಂದ 1856ರಲ್ಲಿ ವಿಧವಾ ವಿವಾಹಕ್ಕೆ ಕಾನೂನಿನ ಮಾನ್ಯತೆ ದೊರೆತರೂ ಅಡಿಗೆಮನೆಯ ಕಟ್ಟಳೆ ಸಡಿಲವಾಗಲು ಬಹಳ ಕಾಲ ಹಿಡಿಯಿತು. ಎಳೆವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಈ ಹೆಣ್ಣುಮಕ್ಕಳು ಮನೆಯ ಮೂಲೆಯ ಪ್ರತ್ಯೇಕ ಒಲೆಯಲ್ಲಿ ತಮಗೆ ಬಿಟ್ಟದ್ದನ್ನು ಬೇಯಿಸಿಕೊಂಡರು. ಕಾಂಡ, ಹೂವು, ಎಲೆ, ಸೋರೆಕಾಯಿಯ ಸಿಪ್ಪೆ, ಪಟೋಲಿನ ಸಿಪ್ಪೆ. (ಪಟೋಲೆಂದರೆ ನಮ್ಮ ತೊಂಡೆಕಾಯಿಗೆ ದೊಡ್ಡಪ್ಪನಂತೆ ಕಾಣುವ ಕಾಯಿ.) ಜೀರಿಗೆ, ಮೆಂತ್ಯ, ಸೋಂಪು, ಕರಿಜೀರಿಗೆ, ಜೊತೆಗೆ ರಾಂಧುನಿ ಇಲ್ಲವೆ ಸಾಸಿವೆ, ಈ ಐದು ಕಾಳಿನ ಒಗ್ಗರಣೆಯೊಂದರಿಂದ ಅವರು ನೂರು ರುಚಿ ತೆಗೆದರು. ಇದನ್ನು ಕೇಳಿ "ಆಹಾ, ಕಷ್ಟದಲ್ಲಿ ಎಂಥ ಕಲೆ ಅರಳಿತು!" ಎಂದು ಹಾಡಿ ಹೊಗಳುವ ಮನಸ್ಸು ನನಗಿಲ್ಲ. ಆ ಕಷ್ಟ ಇರಬಾರದಾಗಿತ್ತು, ಅಷ್ಟೇ. ಆದರೆ ಹೀರೇಕಾಯಿ ಸಿಪ್ಪೆಯ ಚಟ್ನಿ ಅರೆಯುವ ನಮ್ಮ ತಾಯಂದಿರಿಗೂ ಸೋರೆಸಿಪ್ಪೆಯನ್ನು ಎಳೆಎಳೆಯಾಗಿ ಹುರಿಯುವ ಈ ತಾಯಂದಿರಿಗೂ ನಡುವೆ ದುಭಾಷಿ ಬೇಕಿಲ್ಲ ಎಂಬುದು ನನಗೆ ಆ ದಿನ ಕಂಡಿತು. ಅಮ್ಮ ತಮ್ಮ ಬೋಳು ಹಣೆಯನ್ನು ಒಮ್ಮೆ ಮುಟ್ಟಿಕೊಂಡು ಏನೂ ಹೇಳದೆ ಎದ್ದು ಹೋದರು. ಮಾರನೆಯ ದಿನ ಅವರೇ ಕೆಳಗಿಳಿದು ಹೋಗಿ ಮಾಶೀಮಾ ಮನೆಯ ಬಾಗಿಲು ತಟ್ಟಿದರು.

ಅಲ್ಲಿಂದ ಮುಂದೆ ಅಡಿಗೆಮನೆಯಲ್ಲಿ ಪ್ರಯೋಗಗಳು ಆರಂಭವಾದವು. ನಮ್ಮ ಕಡೆ ಊಟದ ಕೊನೆಗೆ ಕುಡಿಯುವ ಅಪ್ಪೆಹುಳಿಯನ್ನು ಬಲ್ಲವರು ಬಲ್ಲರು. ಅಪ್ಪೆಮಿಡಿಯ ಪರಿಮಳವಿಲ್ಲದ ಕಲ್ಕತ್ತೆಯಲ್ಲಿ ಅದನ್ನು ಮಾಡುವುದೆಂತು? ಇಲ್ಲಿ ಗಂಧರಾಜ ಎಂಬ ಒಂದು ನಿಂಬೆ ಬರುತ್ತದೆ. ಉದ್ದನೆಯದು, ದಪ್ಪ ಸಿಪ್ಪೆಯದು. ರಸ ಹೇಳಿಕೊಳ್ಳುವಷ್ಟಿಲ್ಲ, ಆದರೆ ಸಿಪ್ಪೆಗೆ ಉಗುರು ತಾಗಿಸಿದರೆ ಕೋಣೆಯೆಲ್ಲ ಘಮ್ಮೆನ್ನುತ್ತದೆ. ಊರಿನಲ್ಲಿ ಕಂಚಿಕಾಯಿಯ ಅಪ್ಪೆಹುಳಿ ಮಾಡುತ್ತಿದ್ದುದನ್ನು ನೆನೆದು ಅಮ್ಮ ಇದರಲ್ಲಿ ಕೈಯಾಡಿಸಿದರು. ಉಪ್ಪು ಹಾಕಿದ ನೀರಿಗೆ ತುಸು ಬೆಲ್ಲ, ನುರಿದ ಹಸಿಮೆಣಸು, ಮೇಲೆ ಕೊಬ್ಬರಿಯೆಣ್ಣೆಯಲ್ಲಿ ಸಾಸಿವೆ ಇಂಗಿನ ಒಗ್ಗರಣೆ. ಎಲ್ಲ ಆರಿದ ಮೇಲೆ ಗಂಧರಾಜದ ರಸ ಹಿಂಡಿ, ಸಿಪ್ಪೆಯ ಹಸಿರು ಭಾಗವನ್ನಷ್ಟೆ ಒಂದು ಚಿಟಿಕೆ ತುರಿದು ಹಾಕುವುದು. ಕುದಿಸಿದರೆ ಕಹಿ, ಸಿಪ್ಪೆಯ ಬಿಳಿಭಾಗ ಬಿದ್ದರೂ ಕಹಿ. ಮಾಶೀಮಾ ಒಂದು ಲೋಟ ಕುಡಿದು ಮಧ್ಯಾಹ್ನ ಮೂರು ಗಂಟೆ ನಿದ್ದೆ ಮಾಡಿದರು. ಅಪ್ಪೆಹುಳಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ?

ಒಂದು ದಿನ ಅಮ್ಮ ತಮ್ಮ ಟ್ರಂಕನ್ನು ತೆರೆದರು. ಅದರ ತಳದಲ್ಲಿ ಅಪ್ಪನ ಎಂಟು ಪಂಚೆಗಳಿದ್ದವು, ತೊಳೆದು ಮಡಿಚಿಟ್ಟವು. ಅವನ್ನು ಊರಿನಿಂದ ತಂದಿದ್ದಾರೆಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಾಶೀಮಾ ಮನೆಯಲ್ಲಿ ಅವರು ಕಾಂಥಾ ಹೊಲಿಯುವುದನ್ನು ನೋಡಿ ಬಂದಿದ್ದರು. ಕಾಂಥಾ ಎಂದರೆ ಹಳೆಯ ಸೀರೆ ಪಂಚೆಗಳನ್ನು ಪದರ ಪದರವಾಗಿ ಹಾಸಿ ಸಣ್ಣ ನೇರ ಹೊಲಿಗೆಯಿಂದ ಒಂದುಗೂಡಿಸಿದ ಹೊದಿಕೆ. ಹಿಂದಿನ ಕಾಲದಲ್ಲಿ ಹೊಲಿಯುವ ಬಣ್ಣದ ದಾರವನ್ನೂ ಹಳೆಯ ಸೀರೆಯ ಅಂಚಿನಿಂದಲೇ ಎಳೆದು ತೆಗೆಯುತ್ತಿದ್ದರಂತೆ. ಒಂದು ಕಾಸಿನ ಖರ್ಚಿಲ್ಲ. "ಇದು ನಮ್ಮ ಕೌದಿಯೇ" ಎಂದರು ಅಮ್ಮ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಅವರು ಬಣ್ಣಬಣ್ಣದ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಮುಗಿದ ಮೇಲೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ 'ಫೂಲ' ಇಡಲೇಬೇಕು, ಇಲ್ಲದಿದ್ದರೆ ಕೌದಿ ಬೆತ್ತಲೆ ಎಂದು ಅವರ ಭಾವನೆ. ಬಾಲ್ಯದಲ್ಲಿ ತೋಟದ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಅಜ್ಜಿಯೊಬ್ಬಳ ಪಕ್ಕದಲ್ಲಿ ಕುಳಿತು ಅಮ್ಮ ಇದನ್ನು ಕಲಿತದ್ದು. ಕಲಿತು ಐವತ್ತು ವರ್ಷ ಸೂಜಿ ಮುಟ್ಟಿರಲಿಲ್ಲ.

ಈಗ ನಮ್ಮ ಹಜಾರದಲ್ಲಿ ಹರಡಿರುವ ವಸ್ತು ಕಾಂಥಾವೂ ಅಲ್ಲ, ಕೌದಿಯೂ ಅಲ್ಲ. ಒಳಪದರ ಅಪ್ಪನ ಪಂಚೆಗಳು. ಮೇಲೆ ಇಳಕಲ್ಲಿನ ಹರಿದ ಸೀರೆ, ಮಾಶೀಮಾ ಕೊಟ್ಟ ಶಾಂತಿಪುರದ ಅಂಚು, ನನ್ನ ಮಗಳ ಶಾಲೆಯ ಹಳೆಯ ಲಂಗ. ಎರಡು ತುದಿಯಿಂದ ಇಬ್ಬರು ಮುದುಕಿಯರು ಹೊಲಿಯುತ್ತಾರೆ. ಪರಸ್ಪರ 'ದಿದಿ' ಎನ್ನುತ್ತಾರೆ. ಟಿಕೇಟಿನ ಮಾತು ನಿಂತು ಹೋಗಿ ಒಂದು ವರ್ಷದ ಮೇಲಾಯಿತು. ಅಪ್ಪನ ತಿಥಿಯ ದಿನ ಮಾತ್ರ ಅಮ್ಮ ಮತ್ತೆ ಕಿಟಕಿಯ ಬಳಿ ಕುಳಿತಿದ್ದರು. ಅದನ್ನು ಯಾವ ಸೂಜಿಯೂ ಹೊಲಿಯಲಾರದು.

ಬಟ್ಟೆಯ ಮಾತು ಬಂದದ್ದರಿಂದ ಸೋದರಿಯರಿಗೆ ಒಂದು ಕಥೆ ಹೇಳಬೇಕು. ಇಂದು ನಾಡಿನಾದ್ಯಂತ ಹೆಣ್ಣುಮಕ್ಕಳು ನಿರಿಗೆ ಹಿಡಿದು, ಕುಪ್ಪಸ ತೊಟ್ಟು, ಸೆರಗನ್ನು ಎಡಹೆಗಲಿಗೆ ಹಾಕಿ ಸೀರೆಯುಡುವ ರೀತಿ ಇದೆಯಲ್ಲ, ಅದನ್ನು ಬಂಗಾಳದಲ್ಲಿ ರೂಢಿಗೆ ತಂದವರು ಒಬ್ಬ ಸರ್ಕಾರಿ ನೌಕರರ ಪತ್ನಿ. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು 1863ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು. ಅವರ ಪತ್ನಿ ಜ್ಞಾನದಾನಂದಿನಿ ದೇವಿ (1850–1941). ಆಗ ಬಂಗಾಳಿ ಹೆಂಗಸರು ಮನೆಯೊಳಗೆ ಒಂದೇ ಸೀರೆಯನ್ನು ಸುತ್ತಿಕೊಂಡಿರುತ್ತಿದ್ದರು, ಅದು ಹೊರಗೆ ಹೋಗುವ ಉಡುಪಲ್ಲ. ಹೊರಗೆ ಹೋಗುವ ಪ್ರಸಂಗವೂ ಅವರಿಗಿರಲಿಲ್ಲ. ಗಂಡನಿಗೆ ಮುಂಬಯಿ ಪ್ರಾಂತದಲ್ಲಿ ಕೆಲಸವಾಗಿ 1864ರಲ್ಲಿ ಆಕೆ ಹೊರಟಾಗ ಏನು ಉಡುವುದೆಂಬುದೇ ದೊಡ್ಡ ಪ್ರಶ್ನೆಯಾಗಿ, ಫ್ರೆಂಚರ ಅಂಗಡಿಯಲ್ಲಿ ಒಂದು ವಿಚಿತ್ರ ದಿರಿಸನ್ನು ಹೊಲಿಸಿದರಂತೆ. ಮುಂಬಯಿಯಲ್ಲಿ ಪಾರ್ಸಿ ಹೆಂಗಸರು ಸೀರೆಯುಡುವ ಕ್ರಮವನ್ನು ಆಕೆ ನೋಡಿದರು. ಅದನ್ನು ಇದ್ದಂತೆ ನಕಲು ಮಾಡಲಿಲ್ಲ. ಪಾರ್ಸಿಯವರ ಸೆರಗು ಬಲಹೆಗಲಿಗೆ ಬರುತ್ತದೆ. ಆಕೆ ಅದನ್ನು ಎಡಕ್ಕೆ ತಿರುಗಿಸಿದರು, ಬಲಗೈ ಕೆಲಸಕ್ಕೆ ಬಿಡುವಾಗಿರಲೆಂದು. ಊರಿಗೆ ಬಂದ ಮೇಲೆ, ಕಲಿಯಬಯಸುವ ಹೆಂಗಸರಿಗೆ ಈ ಉಡುಗೆಯನ್ನು ಹೇಳಿಕೊಡುವುದಾಗಿ 'ಬಾಮಾಬೋಧಿನಿ' ಪತ್ರಿಕೆಯಲ್ಲಿ ಪ್ರಕಟಣೆಯನ್ನೂ ಕೊಟ್ಟರು. ಸೀರೆ ಹಳೆಯದೇ, ಉಡುವ ರೀತಿ ಹೊಸದು. ವರ್ಗಾವಣೆಯ ನೌಕರರ ಪತ್ನಿಯರು ಸಂಸಾರವನ್ನು ಕಟ್ಟಿ ಬಿಚ್ಚುವುದರಲ್ಲೇ ಸುಸ್ತಾಗುವುದನ್ನು ಕಂಡ ನನಗೆ ಈ ಮಹಾತಾಯಿಯ ಉತ್ಸಾಹ ಬೆರಗು ಹುಟ್ಟಿಸುತ್ತದೆ. 1877ರಲ್ಲಿ ಗಂಡನಿಲ್ಲದೆ, ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿ ಇಂಗ್ಲೆಂಡಿಗೂ ಹೋಗಿಬಂದರು. 1885ರಲ್ಲಿ 'ಬಾಲಕ' ಎಂಬ ಮಕ್ಕಳ ಪತ್ರಿಕೆಯ ಸಂಪಾದಕಿಯೂ ಆದರು.

ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲೂ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರರು ಅಣ್ಣನ ಜೊತೆ ಅಲ್ಲಿದ್ದು 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಬರೆದರು. ಕಾರವಾರದ ಕಡಲತೀರಕ್ಕೆ ಇಂದು ಅವರದೇ ಹೆಸರು. ಈ ಸಂಗತಿಯನ್ನು ಹೇಳಿದಾಗ ಮಾಶೀಮಾ ಅಮ್ಮನ ಕೈ ಹಿಡಿದುಕೊಂಡು "ಹಾಗಾದರೆ ನೀವು ರವಿಠಾಕೂರರ ಜಿಲ್ಲೆಯವರು" ಎಂದರು. ಅಮ್ಮನಿಗೆ ಅಂದಿನಿಂದ ನಡಿಗೆಯಲ್ಲೇ ಒಂದು ಗತ್ತು ಬಂದಿದೆ.

ಹೆಂಗಸರ ಮಾತಾಯಿತು, ನಮ್ಮಂಥ ಕಚೇರಿಯವರ ಗತಿಯೇನು? ಬಿ.ಎ. ಎಂಬ ಬಾಲವನ್ನು ಹೆಸರಿಗೆ ಅಂಟಿಸಿಕೊಂಡವರು ಒಂದು ಸಂಗತಿಯನ್ನು ನೆನೆದು ಸಮಾಧಾನಪಟ್ಟುಕೊಳ್ಳಬಹುದು. 1858ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಮೊಟ್ಟಮೊದಲ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇಬ್ಬರೇ. ಅವರಿಗೂ ಕೃಪಾಂಕ ಕೊಡಬೇಕಾಗಿ ಬಂತು. ಅವರಲ್ಲಿ ಒಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು. ಆಮೇಲೆ ಮೂವತ್ತಮೂರು ವರ್ಷ ಡೆಪ್ಯೂಟಿ ಮ್ಯಾಜಿಸ್ಟ್ರೇಟರ ಕುರ್ಚಿಯಲ್ಲಿ ದಸ್ತಾವೇಜು ನೋಡುತ್ತಲೇ ಅವರು ಕಾದಂಬರಿಗಳನ್ನು ಬರೆದರು. ಆ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು (1845–1914) ಕೂಡ ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯ ನೌಕರರು. ದೂರದ ಬಂಗಾಳದ ಭಾಷೆಯನ್ನು ಕಲಿತು ಅವರು ಮಾಡಿದ ಅನುವಾದಗಳು ಕನ್ನಡದ ಮನೆಮನೆಯಲ್ಲಿ ಓದುವ ಗೀಳು ಹಚ್ಚಿದವು. ವಿದ್ಯಾಸಾಗರರ 'ಭ್ರಾಂತಿವಿಲಾಸ'ವನ್ನೂ ಅವರು ಕನ್ನಡಿಸಿದರು. ಅದು ಷೇಕ್ಸ್‌ಪಿಯರನ ನಾಟಕದಿಂದ ಬಂಗಾಳಿಗೆ ಬಂದ ಕಥೆ. ಇಂಗ್ಲೆಂಡಿನ ನಾಟಕ ಕಲ್ಕತ್ತೆಯ ಪಂಡಿತರೊಬ್ಬರ ಕೈದಾಟಿ ಮೈಸೂರಿನ ನೌಕರರೊಬ್ಬರ ಮೇಜಿಗೆ ಬಂದ ದಾರಿಯನ್ನು ನೋಡಿ! ಹಳ್ಳಿ ಹಳ್ಳಿ ತಿರುಗಿ ಕಾಂಥಾಗಳನ್ನೂ ಪಟಗಳನ್ನೂ ಸಂಗ್ರಹಿಸಿದ ಗುರುಸದಯ ದತ್ತರೂ (1882–1941) ಐ.ಸಿ.ಎಸ್. ಅಧಿಕಾರಿಗಳೇ. ಅತ್ತ ಕಡೆಯಿಂದ ಬಂದವರೂ ಉಂಟು: ಬಂಟ್ವಾಳದ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು ಮೃಣಾಲ್ ಸೇನರ 'ಏಕ್ ದಿನ್ ಪ್ರತಿದಿನ್' (1979), 'ಖಾರಿಜ್' (1982) ಎಂಬ ಬಂಗಾಳಿ ಚಿತ್ರಗಳಿಗೆ ಸಂಗೀತ ಕೊಟ್ಟರು. ಸಿಕ್ಕಿದ ವಸ್ತುವಿನಿಂದೆಲ್ಲ ನಾದ ಹೊರಡಿಸುವ ಅವರ ಪರಿ ರಂಗಭೂಮಿಯವರಿಗೆ ಚೆನ್ನಾಗಿ ಗೊತ್ತು.

ನನ್ನದು ಇಷ್ಟು ದೊಡ್ಡ ಸಾಹಸವಲ್ಲ. ಕಾಳೀಘಾಟಿನಲ್ಲಿ ಮೆಟ್ರೋ ಹತ್ತಿದರೆ ಎಸ್ಪ್ಲನೇಡಿಗೆ ಆರನೆಯ ನಿಲ್ದಾಣ. ಮೊದಲೆಲ್ಲ ಅಷ್ಟು ಹೊತ್ತು ಮುಂದಿರುವವರ ಬೆನ್ನು ನೋಡುತ್ತಿದ್ದೆ. ಈಗ ಮಗಳ ಬಂಗಾಳಿ ಪಠ್ಯಪುಸ್ತಕವನ್ನು ಓದುತ್ತೇನೆ. ಅಕ್ಷರ ಬೇಗ ಬಂತು, ಉಚ್ಚಾರಣೆ ಮಾತ್ರ ಆಟವಾಡಿಸುತ್ತದೆ: ಬರೆಯುವುದು 'ಲಕ್ಷ್ಮೀ', ಓದುವುದು 'ಲೊಕ್ಖೀ'. ಎರಡು ವರ್ಷದಲ್ಲಿ ಅಂಗಡಿಯ ಫಲಕದಿಂದ ಸಣ್ಣಕಥೆಯವರೆಗೆ ಬಂದಿದ್ದೇನೆ. ಕಚೇರಿಯ ಹಿರಿಯ ಬಂಗಾಳಿ ಸಹೋದ್ಯೋಗಿಯೊಬ್ಬರು ಈಗ ಮಧ್ಯಾಹ್ನ ನನ್ನ ಮೇಜಿನ ಬಳಿ ಬಂದು ಪುಸ್ತಕದ ಮಾತಾಡುತ್ತಾರೆ. ಏಳು ವರ್ಷ ನಾವಿಬ್ಬರೂ ತುಟ್ಟಿಭತ್ಯೆಯ ವಿಷಯವನ್ನಷ್ಟೆ ಮಾತಾಡಿದ್ದೆವು.

ಬದಲಾವಣೆಗೆ ಒಪ್ಪುವುದೆಂದರೆ ಇದ್ದದ್ದನ್ನೆಲ್ಲ ಗಂಗೆಗೆ ಬಿಡುವುದೆಂದು ತಿಳಿದವರನ್ನೂ ನಾನು ಕಂಡಿದ್ದೇನೆ. ಅವರ ಮಕ್ಕಳಿಗೆ ಅಜ್ಜಿಯ ಜೊತೆ ಮಾತಾಡಲು ಭಾಷೆಯಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಹಾಕಿದ ನಿಯಮ, ಹೊಸಲಿನ ಒಳಗೆ ಕನ್ನಡ. ನಿಯಮವನ್ನು ಮಗಳು ತನ್ನದೇ ರೀತಿಯಲ್ಲಿ ಪಾಲಿಸುತ್ತಾಳೆ. ಬಂಗಾಳಿಗಳು ನೀರನ್ನೂ ತಿನ್ನುತ್ತಾರೆ, ಅವರಿಗೆ ತಿನ್ನುವುದಕ್ಕೂ ಕುಡಿಯುವುದಕ್ಕೂ ಒಂದೇ ಕ್ರಿಯಾಪದ. ಹೀಗಾಗಿ ಆಕೆ "ಅಜ್ಜೀ, ನೀರು ತಿಂತೀಯಾ?" ಎಂದು ಲೋಟ ಹಿಡಿದು ನಿಲ್ಲುತ್ತಾಳೆ. ಅಮ್ಮ ಮೊದಲು ತಿದ್ದುತ್ತಿದ್ದರು. ಈಗ "ಕೊಡು ಮಗಾ, ತಿಂತೇನೆ" ಎನ್ನುತ್ತಾರೆ. ಕಳೆದ ಸಂಕ್ರಾಂತಿಗೆ ಎಳ್ಳುಬೆಲ್ಲದಲ್ಲಿ ನಮ್ಮ ಅಚ್ಚುಬೆಲ್ಲದ ಬದಲು ಇಲ್ಲಿಯ ಚಳಿಗಾಲದ ಖರ್ಜೂರದ ಬೆಲ್ಲವನ್ನು ಬೆರೆಸಿ ಹಂಚಿದೆವು. ಸಂಘದ ಹಿರಿಯರೊಬ್ಬರು ಮೂಸಿ ನೋಡಿ "ಇದು ನಮ್ಮ ಪದ್ಧತಿಯಲ್ಲ" ಎಂದರು. ಎರಡನೆಯ ಸಲ ಕೈಯೊಡ್ಡಿದರು ಎಂಬುದನ್ನು ಇಲ್ಲಿ ಬರೆಯುವುದು ಸೌಜನ್ಯವಲ್ಲವಾದರೂ ಬರೆದಿದ್ದೇನೆ.

ಕೌದಿ ಇನ್ನೂ ಮುಗಿದಿಲ್ಲ. ನಡುವಿನ ಒಂದೂವರೆ ಮೊಳದಷ್ಟು ಬಾಕಿಯಿದೆ, ನಾಲ್ಕು ಮೂಲೆಯ ಫೂಲಗಳೂ ಆಗಬೇಕು. ಫೂಲಕ್ಕೆ ಕೆಂಪು ಬಟ್ಟೆಯೇ ಬೇಕೆಂದು ಅಮ್ಮನ ಹಟ, ಹಳದಿಯೆಂದು ಮಾಶೀಮಾ ಹಟ. ನಮ್ಮ ಸಂಘದ ಬಾಂಧವರ ಮನೆಗಳಲ್ಲಿ ಹಳೆಯ ಹತ್ತಿಸೀರೆಯ ತುಂಡುಗಳಿದ್ದರೆ, ಬಣ್ಣ ಯಾವುದಾದರೂ ಸರಿ, ಮುಂದಿನ ಸಭೆಗೆ ಬರುವಾಗ ದಯವಿಟ್ಟು ತಂದುಕೊಡಬೇಕು. ಕಲಿಯಬಯಸುವ ಹೆಣ್ಣುಮಕ್ಕಳು ಭಾನುವಾರ ಮಧ್ಯಾಹ್ನ ನೇರವಾಗಿ ಮನೆಗೇ ಬರಬಹುದು. ಸೂಜಿಯನ್ನು ತಾವೇ ತರಬೇಕು, ಅಪ್ಪೆಹುಳಿಯನ್ನು ನಾವು ಕೊಡುತ್ತೇವೆ. ನೈಲಾನ್ ಸೀರೆ ಮಾತ್ರ ಬೇಡವೆಂದು ಇಬ್ಬರೂ ಒಮ್ಮತದಿಂದ ತಿಳಿಸಿದ್ದಾರೆ.